ಎರಡು ದಿನದ ಟ್ರೇನಿಂಗು, ನಮ್ಮ "ಹೂನ್ರಿ"

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 3 ಸ್ಟಾರ್. ಆ ಮೂರೂ ಎರಡನೇ ದಿನಕ್ಕೆ.

ನಮ್ಮದು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ವಾಲ್ವ್ ಮಾಡುವ ಫ್ಯಾಕ್ಟರಿ. ಜರ್ಮನಿಗೆ ಮಾಲು ಹೋಗುತ್ತದೆ. ಅವರ ಜೊತೆ ಪದೇ ಪದೇ ಕಿರಿಕಿರಿ ಆಗುತ್ತಿದೆ ಅಂತ ಹೊರಗಿನ ಸಂಸ್ಥೆಯೊಂದನ್ನು ಕರೆಸಿ, ವಿದ್ಯಾನಗರದ ಹೋಟೆಲ್ ಹಾಲಿನಲ್ಲಿ ನಮ್ಮ 22 ಜನರಿಗೆ ಬೇರೆ ದೇಶದವರ ಜೊತೆ ವ್ಯವಹರಿಸುವ ತರಬೇತಿ ಕೊಡಿಸಿದರು.

ಕಿರಿಕಿರಿ ಅಂದರೆ ಇಷ್ಟೇ. ಕಾಲ್‌ನಲ್ಲಿ ಅವರು "15ಕ್ಕೆ ಮಾಲು ಹೊರಡುತ್ತಾ?" ಅಂತಾರೆ. ಬೆಳಗಾವಿ ಫೌಂಡ್ರಿಯಿಂದ ಕಾಸ್ಟಿಂಗೇ ಬಂದಿರಲ್ಲ. ಆದರೂ ನಮ್ಮ ಹಿರಿಯ ಸೂಪರ್‌ವೈಸರ್, ನಾವೆಲ್ಲ ಕಾಕಾ ಅನ್ನುತ್ತೇವೆ, "ಯೆಸ್ ಸರ್, ಯೆಸ್ ಸರ್" ಅಂದುಬಿಡುತ್ತಾರೆ. ಅದು ನಮ್ಮ "ಹೂನ್ರಿ" ಅಂತ ಪಕ್ಕದಲ್ಲಿ ಕೂತವರಿಗೆಲ್ಲ ಗೊತ್ತು, ನಿಮ್ಮ ಮಾತು ಕೇಳಿಸಿತು ಅಂತ ಅರ್ಥ, ಮಾಡುತ್ತೇನೆ ಅಂತಲ್ಲ. 16ಕ್ಕೆ ಬೆಳಿಗ್ಗೆ ಮೇಲ್ ಬರುತ್ತದೆ: ಯೆಸ್ ಅಂದಿದ್ದಿರಿ, ಮಾಲೆಲ್ಲಿ? ಸಿಸಿಯಲ್ಲಿ ದೊಡ್ಡವರೆಲ್ಲ ಇರುತ್ತಾರೆ. ಕಾಕಾಗೆ ಸಿಟ್ಟು, "ಒಂದ್ ಫೋನ್ ಹಚ್ಚಿದ್ರ ಆಗ್ತಿರ್ಲಿಲ್ಲೇನ್ರಿ?"

ಮೊದಲ ದಿನ ಪೂರ್ತಿ ಸ್ಲೈಡು. ಡಚ್ ವಿದ್ವಾಂಸ ಹಾಫ್‌ಸ್ಟೆಡ್ 1967ರಿಂದ 1973ರವರೆಗಿನ ಐಬಿಎಂ ನೌಕರರ ಸಮೀಕ್ಷೆಗಳನ್ನು ಇಟ್ಟುಕೊಂಡು ದೇಶಗಳ ಸಂಸ್ಕೃತಿಯನ್ನು ಅಳೆದ ಕಥೆ. ಮೇಲಿನವರ ಮುಂದೆ ತಗ್ಗಿ ಬಗ್ಗಿ ನಡೆಯುವುದನ್ನು ಸಹಜ ಅಂತ ಒಪ್ಪುವುದರಲ್ಲಿ ಭಾರತಕ್ಕೆ 77 ಅಂಕ, ಜರ್ಮನಿಗೆ 35. ಟ್ರೇನರ್ ಓದಿ ಮುಂದೆ ಹೋದರು. ಆದರೆ ಪ್ಲಾಂಟ್ ಮ್ಯಾನೇಜರನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು ಅಲ್ವಾ, "ಪ್ರಶ್ನೆ ಇದೆಯಾ?" ಅಂದಾಗ ನಾವೆಲ್ಲ ಅವರ ಬೆನ್ನು ನೋಡಿ ಸುಮ್ಮನಾದೆವು. 77 ಅಂದರೆ ಏನು ಅಂತ ಅಲ್ಲೇ ಕಾಣುತ್ತಿತ್ತು, ಟ್ರೇನರ್‌ಗೆ ಮಾತ್ರ ಕಾಣಲಿಲ್ಲ. (ಊಟಕ್ಕೆ ನಾನ್, ಪನ್ನೀರ್. ಹುಬ್ಬಳ್ಳಿಯಲ್ಲಿ ಕೂತು ರೊಟ್ಟಿ, ಬದನೆಕಾಯಿ ಎಣಗಾಯಿ ಇಲ್ಲ ಅಂದರೆ ಹೇಗೆ?)

ಮರುದಿನ ಸಾಹೇಬರಿಗೆ ಫ್ಯಾಕ್ಟರಿಯಿಂದ ಕರೆ ಬಂತು, ಹೋದರು. ಆಮೇಲೆ ಹಾಲಿಗೆ ಜೀವ ಬಂತು. ಕೆಟ್ಟ ಸುದ್ದಿಯನ್ನು ಮೊದಲ ವಾಕ್ಯದಲ್ಲೇ ಹೇಳಬೇಕು, ಅದು ಆಟ. ಕಾಕಾ ಎದ್ದರು. "ನಮಸ್ಕಾರ್ರೀ ಸರ್, ಆರಾಮ ಅದೀರಿ? ನಿಮ್ ಕಡೆ ಥಂಡಿ ಹೆಂಗೈತ್ರಿ?" ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಎರಡನೇ ಸಲವೂ ಥಂಡಿಯೇ. ಮೂರನೇ ಸಲ ಕಣ್ಣು ಮುಚ್ಚಿ, "15ಕ್ಕ ಆಗಂಗಿಲ್ರಿ, 22ಕ್ಕ ಕಳಸ್ತೇವಿ" ಅಂದವರೇ ಕೂತು, ಯಾರನ್ನೋ ಬೈದು ಬಂದವರ ಹಾಗೆ ಒಂದು ಬಾಟಲಿ ನೀರು ಕುಡಿದರು.

ಒಂದು ತಕರಾರು ಉಳಿಯಿತು. ಜರ್ಮನಿ ಎಲ್ಲ ಆಯಿತು, ಪಕ್ಕದ ಟೇಬಲ್? ನಮ್ಮಲ್ಲಿ ಮಂಡ್ಯದ ಹುಡುಗನೊಬ್ಬ ಹೊಸದಾಗಿ ಸೇರಿದ್ದಾನೆ. ಇಲ್ಲಿಯವರು ಪ್ರೀತಿಯಿಂದ "ಏನ್ಲೇ ತಮ್ಮಾ" ಅಂದರೆ ಅವನು ಬೈದರು ಅಂತ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದ. ಅದನ್ನು ಕೇಳಿದ್ದಕ್ಕೆ ಟ್ರೇನರ್ "ಒಳ್ಳೆ ಪ್ರಶ್ನೆ" ಅಂದು ಟೀ ಬ್ರೇಕ್ ಕೊಟ್ಟರು. ನಮಗೆ ಕಲಿಸಿದ ಹಾಗೆ ಆ ಕಡೆಯವರಿಗೂ "ಹೂನ್ರಿ" ಅಂದರೇನು ಅಂತ ಯಾರಾದರೂ ಕಲಿಸುತ್ತಾರಾ ಅಂತಲೂ ಕೇಳಬೇಕಿತ್ತು, ಟೀ ಬಂತು.

ನೀವು ಕರೆಸುವುದಾದರೆ ಎರಡನೇ ದಿನವನ್ನಷ್ಟೇ ಕೇಳಿ, ಸಾಹೇಬರನ್ನು ಬೇರೆ ಬ್ಯಾಚಿಗೆ ಹಾಕಿ.

ಕಳೆದ ವಾರದ ಕಾಲ್‌ನಲ್ಲಿ ಕಾಕಾ ಮೊದಲ ಮಾತಿಗೇ ಆಗಲ್ಲ ಅಂದರು. ಆ ಕಡೆಯವರು ಥ್ಯಾಂಕ್ಯೂ ಅಂದು ಹೊಸ ತಾರೀಖು ಬರೆದುಕೊಂಡರು, ಅಷ್ಟೇ. ಕಾಕಾಗೆ ಈಗ ಅದೇ ಬೇಜಾರು: "ಯಾಕ ಆಗಂಗಿಲ್ಲ ಅಂತ ಒಂದ್ ಮಾತರ ಕೇಳ್ಬೇಕಿಲ್ರಿ?"