ಮುಳ್ಳಿನ ದಾರಿ, ಗಿರಿಯ ಏರು: ಸೈಕಲ್ ಟೂರಿಂಗ್‌ಗೆ ಯಾವ ಟೈರ್?

ಕಡೂರು, ಅರಸೀಕೆರೆ ಕಡೆ ರಸ್ತೆಬದಿಯಲ್ಲಿ ಜಾಲಿಮುಳ್ಳು. ಮುಳ್ಳಯ್ಯನಗಿರಿ ಕಡೆ ತಿರುಗಿದರೆ ಬರೀ ಏರು. ಚಿಕ್ಕಮಗಳೂರಿನಿಂದ ಲಗೇಜ್ ಕಟ್ಟಿಕೊಂಡು ಸೈಕಲ್ ಹತ್ತುವವರಿಗೆ ಟೈರ್ ಹಗುರವಾಗಿರಬೇಕು, ಪಂಕ್ಚರನ್ನೂ ತಡೆಯಬೇಕು. ಎರಡೂ ಪೂರ್ತಿಯಾಗಿ ಒಂದೇ ಟೈರಿನಲ್ಲಿ ಸಿಗಲ್ಲ.

ಪಂಕ್ಚರ್ ತಡೆಯುವುದರಲ್ಲಿ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್‌ ಗಟ್ಟಿಗ. ಮೇಲಿನ ರಬ್ಬರಿನ ಕೆಳಗೆ 5 ಮಿ.ಮೀ. ದಪ್ಪದ ಮೆತ್ತನೆಯ ಪದರ ಇದೆ. ಗಾಜಿನ ಚೂರು, ಸಣ್ಣ ಮುಳ್ಳು ಅಲ್ಲೇ ಸಿಕ್ಕಿಕೊಳ್ಳುತ್ತವೆ, ಟ್ಯೂಬಿನವರೆಗೆ ಹೋಗಲ್ಲ. ಆದರೆ 35 ಮಿ.ಮೀ. ಅಗಲದ್ದು ಒಂದೊಂದೂ 900 ಗ್ರಾಂ ಆಸುಪಾಸು ತೂಗುತ್ತದೆ. ಟೈರಿನ ಪಕ್ಕದ ಭಾಗವೂ ಬಿಗಿ. ರಿಮ್‌ಗೆ ಕೂರಿಸುವಾಗ ಕೊನೆಯ ಒಂದು ಗೇಣು ಹೆಬ್ಬೆರಳನ್ನು ಚೆನ್ನಾಗಿ ನೋಯಿಸುತ್ತದೆ.

ಕಾಂಟಿನೆಂಟಲ್ ಕಂಪನಿಯ ಗೇಟರ್‌ಸ್ಕಿನ್ 32 ಮಿ.ಮೀ. ತಗೊಂಡರೆ ತೂಕ ಹೆಚ್ಚುಕಡಿಮೆ ಅರ್ಧ. ಏರಿನಲ್ಲಿ ಕಾಲಿಗೆ ಅದು ಗೊತ್ತಾಗುತ್ತದೆ. ಬೇಲೂರು, ಹಳೇಬೀಡಿನ ಡಾಂಬರು ರಸ್ತೆಗೆ ಒಳ್ಳೆಯ ಆಯ್ಕೆ. ಮೇಲ್ಮೈ ನುಣುಪು, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ ಅನ್ನುವುದು ಹಲವು ಸವಾರರ ದೂರು. ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವವರಿಗೆ ನಾನು ಇದನ್ನು ಹೇಳಲ್ಲ.

ಇವೆರಡರ ನಡುವೆ ಶ್ವಾಲ್ಬೆಯದೇ ಮಾಮೂಲಿ ಮ್ಯಾರಥಾನ್ ಇದೆ. ಅದರ ರಕ್ಷಣೆಯ ಪದರ 3 ಮಿ.ಮೀ., ತೂಕ ಪ್ಲಸ್‌ಗಿಂತ ಕಡಿಮೆ. ಹೆಚ್ಚಿನವರಿಗೆ ಇದೇ ಸಾಕು.

ಲಗೇಜಿನ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ತಾನೆ? ಪಂಕ್ಚರೂ ಅಲ್ಲೇ ಜಾಸ್ತಿ. ಹಾಗಾಗಿ ಹಿಂದೆ ಪ್ಲಸ್, ಮುಂದೆ ಮಾಮೂಲಿ ಮ್ಯಾರಥಾನ್ ಹಾಕಿ. ದುಡ್ಡು ಕೊಡುವ ಮುಂಚೆ ನಿಮ್ಮ ಫ್ರೇಮ್, ಮಡ್‌ಗಾರ್ಡ್ ನಡುವೆ 35 ಮಿ.ಮೀ. ಟೈರ್ ಹಿಡಿಯುತ್ತಾ ಅಂತ ಅಳೆದು ನೋಡಿ.