ಲಿಬ್ರೆಆಫೀಸ್ ಕ್ಯಾಲ್ಕ್‌ನ ಚಾರ್ಟ್: ವರ್ಷಗಟ್ಟಲೆ ಬಳಸಿದ ಮೇಲೆ

ದುಡ್ಡು ಕೊಡದೆ, ಇಂಟರ್ನೆಟ್ ಇಲ್ಲದೆ, ಹಳೇ ಕಂಪ್ಯೂಟರಿನಲ್ಲೂ ಅಂಕಿಅಂಶಗಳಿಗೆ ಚಾರ್ಟ್ ಮಾಡಬೇಕೆಂದರೆ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಧಾರಾಳವಾಗಿ ಸಾಕು. ಆದರೆ ಅದು ತಾನಾಗಿ ಬಿಡಿಸಿಕೊಡುವ ಮೊದಲ ಚಿತ್ರವನ್ನು ಹಾಗೇ ಒಪ್ಪಿಕೊಳ್ಳಬಾರದು. ನಾಲ್ಕೈದು ಸೆಟ್ಟಿಂಗ್‌ಗಳನ್ನು ಕೈಯಾರೆ ಸರಿಮಾಡಿದರಷ್ಟೇ ಅದು ನಂಬುವಂಥ ಚಾರ್ಟ್ ಆಗುತ್ತದೆ.

ಕರ್ನಾಟಕದ ಜನಗಣತಿಯನ್ನೇ ತೆಗೆದುಕೊಳ್ಳಿ. ಜನಸಂಖ್ಯೆ ಕೋಟಿಗಳಲ್ಲಿ: 1951ರಲ್ಲಿ 1.94, 1971ರಲ್ಲಿ 2.93, 2001ರಲ್ಲಿ 5.29, 2011ರಲ್ಲಿ 6.11. ವರ್ಷ, ಜನಸಂಖ್ಯೆ ಎರಡೂ ಕಾಲಂ ಆಯ್ದು ಇನ್ಸರ್ಟ್ ಮೆನುವಿನಲ್ಲಿ ಚಾರ್ಟ್ ಒತ್ತಿದರೆ ನಾಲ್ಕು ಹಂತದ ವಿಝಾರ್ಡ್ ತೆರೆಯುತ್ತದೆ. ಮೊದಲ ತೊಡಕು ಅಲ್ಲೇ. ವರ್ಷವೂ ಸಂಖ್ಯೆಯೇ ಆದ್ದರಿಂದ ಕ್ಯಾಲ್ಕ್ ಅದನ್ನೂ ಡೇಟಾ ಎಂದುಕೊಂಡು ಎರಡು ಸಾವಿರದ ಎತ್ತರಕ್ಕೆ ಕಂಬ ನಿಲ್ಲಿಸುತ್ತದೆ. ಜನಸಂಖ್ಯೆಯ ಕಂಬಗಳು ನೆಲಕ್ಕಂಟಿ ಕಾಣದೇ ಹೋಗುತ್ತವೆ. ಎರಡನೇ ಹಂತದಲ್ಲಿ ‘ಫಸ್ಟ್ ಕಾಲಂ ಆ್ಯಸ್ ಲೇಬಲ್’ಗೆ ಟಿಕ್ ಹಾಕಿದರೆ ಸರಿಹೋಗುತ್ತದೆ.

ಇದು ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಲೈನ್ ಚಾರ್ಟ್‌ನಲ್ಲಿದೆ, ಹೆಚ್ಚು ಜನ ಎಡವುವುದೂ ಇಲ್ಲೇ. ಕ್ಯಾಲ್ಕ್‌ನ ‘ಲೈನ್’ ಮಾದರಿ ಇಂಥ ಲೇಬಲ್‌ಗಳನ್ನು ಬರೀ ಹೆಸರುಗಳೆಂದು ಪರಿಗಣಿಸಿ ಸಮ ಅಂತರದಲ್ಲಿ ಜೋಡಿಸುತ್ತದೆ. ನಮ್ಮ ನಾಲ್ಕು ವರ್ಷಗಳ ನಡುವಿನ ಅಂತರ 20, 30, 10. ಗೆರೆ 1971ರಿಂದ 2001ಕ್ಕೆ ಕಡಿದಾಗಿ ಏರಿ, ಆಮೇಲೆ ಸಪಾಟಾಗುತ್ತದೆ. ನೋಡಿದವರು 2001ರ ನಂತರ ಬೆಳವಣಿಗೆ ನಿಂತೇಹೋಯಿತು ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಮೊದಲ ಅವಧಿಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 5 ಲಕ್ಷ, ಎರಡನೆಯದರಲ್ಲಿ 7.9 ಲಕ್ಷ, ಕೊನೆಯದರಲ್ಲಿ 8.2 ಲಕ್ಷ ಜನ ಹೆಚ್ಚಿದ್ದಾರೆ. ಸಪಾಟಾಗಿ ಕಾಣುವ ಆ ತುಂಡೇ ನಿಜಕ್ಕೂ ಎಲ್ಲಕ್ಕಿಂತ ಕಡಿದು.

ಪರಿಹಾರ: ‘ಎಕ್ಸ್‌ವೈ (ಸ್ಕ್ಯಾಟರ್)’ ಆಯ್ದು, ಅದರಲ್ಲಿ ‘ಪಾಯಿಂಟ್ಸ್ ಆ್ಯಂಡ್ ಲೈನ್ಸ್’ ಒತ್ತಿ. ಮೊದಲ ಕಾಲಂ ಆಗ ನಿಜವಾದ ಅಳತೆಯಾಗುತ್ತದೆ. ಅಡ್ಡ ಅಕ್ಷಕ್ಕೆ ಕನಿಷ್ಠ 1950, ಗರಿಷ್ಠ 2020, ಅಂತರ 10 ಕೊಡಿ. ಗೆರೆಯನ್ನು ನುಣುಪು ಮಾಡುವ ‘ಸ್ಮೂತ್’ ಆಯ್ಕೆಗೆ ಕೈಹಾಕಬೇಡಿ. ಬಿಂದುಗಳ ನಡುವೆ ಇಲ್ಲದ ಉಬ್ಬುತಗ್ಗು ಹುಟ್ಟುತ್ತದೆ.

ಇನ್ನು ಕಂಬಗಳ ಚಾರ್ಟ್. ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದಾಗ ಅಕ್ಷ ಸೊನ್ನೆಯಿಂದಲೇ ಶುರುವಾಗುತ್ತದೆ ಎಂದು ನಂಬಿ ಕೂರಬೇಡಿ. 2001 ಮತ್ತು 2011 ಎರಡನ್ನೇ ಇಟ್ಟು ಅಕ್ಷವನ್ನು 5ರಿಂದ ಶುರುಮಾಡಿದರೆ ಎರಡನೇ ಕಂಬ ಮೊದಲನೆಯದರ ನಾಲ್ಕು ಪಟ್ಟಿನ ಹತ್ತಿರ ನಿಲ್ಲುತ್ತದೆ. ನಿಜವಾದ ಏರಿಕೆ 15.6%. ಚಾರ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿ, ಲಂಬ ಅಕ್ಷದ ಮೇಲೆ ರೈಟ್ ಕ್ಲಿಕ್, ‘ಫಾರ್ಮ್ಯಾಟ್ ಆ್ಯಕ್ಸಿಸ್’, ‘ಸ್ಕೇಲ್’. ಅಲ್ಲಿ ‘ಮಿನಿಮಮ್’ ಪಕ್ಕದ ‘ಆಟೊಮ್ಯಾಟಿಕ್’ ಟಿಕ್ ತೆಗೆದು 0 ಬರೆಯಿರಿ. ಗೆರೆಯ ಚಾರ್ಟ್‌ಗೆ ಈ ಕಟ್ಟುನಿಟ್ಟು ಬೇಡ, ಅಲ್ಲಿ ಓದುವುದು ಇಳಿಜಾರನ್ನು. ಕಂಬದಲ್ಲಿ ಓದುವುದು ಉದ್ದವನ್ನು.

ಕೆಲವು ಅಂಕಿಗಳು ಚಾರ್ಟ್‌ನಲ್ಲಿ ಬಾರದೇ ಹೋದರೆ ಕಂಟ್ರೋಲ್ ಎಫ್8 ಒತ್ತಿ. ಸಂಖ್ಯೆಗಳು ನೀಲಿ, ಸೂತ್ರಗಳು ಹಸಿರು, ಪಠ್ಯ ಕಪ್ಪು. ಪಿಡಿಎಫ್‌ನಿಂದ ನಕಲು ಮಾಡಿದ ಅಂಕಿಗಳು ಸಾಮಾನ್ಯವಾಗಿ ಕಪ್ಪಾಗಿಯೇ ಇರುತ್ತವೆ: ಹಿಂದೊಂದು ಜಾಗ, ಇಲ್ಲವೇ ಅಡಿಟಿಪ್ಪಣಿಯ ನಕ್ಷತ್ರ ಚಿಹ್ನೆ ಅಂಟಿಕೊಂಡಿರುತ್ತದೆ. ಅದನ್ನು ‘ಫೈಂಡ್ ಆ್ಯಂಡ್ ರಿಪ್ಲೇಸ್’ನಲ್ಲಿ ಅಳಿಸಿ, ಕಾಲಂ ಆಯ್ದು ‘ಡೇಟಾ’ ಮೆನುವಿನ ‘ಟೆಕ್ಸ್ಟ್ ಟು ಕಾಲಮ್ಸ್’ನಲ್ಲಿ ಓಕೆ ಕೊಟ್ಟರೆ ನೀಲಿಗೆ ತಿರುಗುತ್ತವೆ. ಮಾಹಿತಿ ಇಲ್ಲದ ಕಡೆ ಸೆಲ್ ಖಾಲಿ ಬಿಡಿ. 2021ರಲ್ಲಿ ಜನಗಣತಿ ನಡೆಯಲಿಲ್ಲ. ಅಲ್ಲಿ 0 ಬರೆದರೆ ಗೆರೆ ಪಾತಾಳಕ್ಕಿಳಿಯುತ್ತದೆ. ಖಾಲಿ ಸೆಲ್‌ನಲ್ಲಿ ಗೆರೆ ತುಂಡಾಗಬೇಕೋ ಮುಂದುವರಿಯಬೇಕೋ ಎಂಬುದನ್ನು ‘ಫಾರ್ಮ್ಯಾಟ್ ಡೇಟಾ ಸೀರೀಸ್’ನ ‘ಆಪ್ಷನ್ಸ್’ನಲ್ಲಿ ಆರಿಸಬಹುದು. ‘ಲೀವ್ ಗ್ಯಾಪ್’ ಪ್ರಾಮಾಣಿಕ ಆಯ್ಕೆ.

ಕನ್ನಡಕ್ಕೆ ಬಂದರೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಒತ್ತಕ್ಷರಗಳು ಚಾರ್ಟ್‌ನಲ್ಲೂ ಸರಿಯಾಗಿ ಕೂರುತ್ತವೆ. ಅಕ್ಷರದ ಗಾತ್ರ ಬದಲಾಯಿಸಿದರೂ ಕನ್ನಡ ಮಾತ್ರ ಹಾಗೇ ಉಳಿದರೆ ಕಾರಣ ಇಷ್ಟೇ: ನೀವು ಬದಲಿಸಿದ್ದು ‘ವೆಸ್ಟರ್ನ್’ ಫಾಂಟ್, ಕನ್ನಡ ಇರುವುದು ‘ಸಿಟಿಎಲ್’ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಭಾಗದಲ್ಲಿ. ಆ ಭಾಗ ಕಾಣದಿದ್ದರೆ ‘ಟೂಲ್ಸ್’, ‘ಆಪ್ಷನ್ಸ್’ನೊಳಗಿನ ಭಾಷಾ ಸೆಟ್ಟಿಂಗ್‌ನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಆನ್ ಮಾಡಿ. ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸುವ ಹಳೇ ನುಡಿ ಆಸ್ಕಿ ಫಾಂಟ್‌ನ ಫೈಲುಗಳಾದರೆ ಮಾತ್ರ ಪೇಚು. ಸೆಲ್‌ನಲ್ಲಿ ‘ಬೆಳಗಾವಿ’ ಚೆನ್ನಾಗಿಯೇ ಕಾಣುತ್ತದೆ, ಚಾರ್ಟ್‌ನಲ್ಲಿ ಅದೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಚಾರ್ಟ್ ಸೆಲ್‌ನ ಫಾಂಟ್ ತೆಗೆದುಕೊಳ್ಳುವುದಿಲ್ಲ. ಮೊದಲು ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ದಾರಿ.

ಹತ್ತಾರು ಸಾವಿರ ಸಾಲುಗಳಿದ್ದರೆ ಕ್ಯಾಲ್ಕ್ ಏದುಸಿರು ಬಿಡುತ್ತದೆ. ಅಂಥ ಕೆಲಸಕ್ಕೆ ಮೊದಲು ಸಾಲುಗಳನ್ನು ಗುಂಪುಮಾಡಿ ಕೂಡಿಸುವ ಪಿವಟ್ ಟೇಬಲ್‌ನಲ್ಲಿ ಮೊತ್ತ ತೆಗೆದುಕೊಳ್ಳಿ. ಬೆರಳಿಟ್ಟರೆ ಅಂಕಿ ತೋರಿಸುವ ವೆಬ್ ಚಾರ್ಟ್ ಬೇಕಿದ್ದರೆ ಇದು ಅಲ್ಲ. ಫೈಲನ್ನು ಕ್ಯಾಲ್ಕ್‌ನದೇ ಮಾದರಿಯಾದ ಓಡಿಎಸ್‌ನಲ್ಲೇ ಉಳಿಸಿ, ಎಕ್ಸೆಲ್ ಬಳಸುವವರಿಗೆ ಪ್ರತಿ ಬೇರೆ ಕೊಡಿ. ಲಿಬ್ರೆಆಫೀಸ್‌ನಲ್ಲಿ ವರದಿ ಬರೆಯುವ ತಂತ್ರಾಂಶವಾದ ರೈಟರ್‌ಗೆ ಅಂಟಿಸಿದ ಚಾರ್ಟ್ ಬರೀ ನಕಲು. ಶೀಟಿನಲ್ಲಿ ಅಂಕಿ ತಿದ್ದಿದರೆ ವರದಿಯಲ್ಲಿ ತಾನಾಗಿ ಬದಲಾಗುವುದಿಲ್ಲ, ಮತ್ತೆ ಅಂಟಿಸಬೇಕು.