ಹಳೇ ಪಿಕಪ್‌ನ ಬೂದಿ ಟ್ರಿಮ್: ಎಣ್ಣೆ, ಬಿಸಿ, ಡೈ, ಕೋಟಿಂಗ್, ಪೇಂಟ್‌ಗಳಲ್ಲಿ ಯಾವುದು ನಿಂತಿತು?

ಹಳೇ ಪಿಕಪ್ ಎಷ್ಟು ತೊಳೆದರೂ ಹಳೇದಾಗಿಯೇ ಕಾಣುವುದಕ್ಕೆ ಎಷ್ಟೋ ಸಲ ಪೇಂಟ್ ಕಾರಣ ಅಲ್ಲ, ಕಪ್ಪು ಪ್ಲಾಸ್ಟಿಕ್ ಕಾರಣ. ಚಕ್ರದ ಮೇಲಿನ ಫೆಂಡರ್ ಫ್ಲೇರ್, ಬಂಪರಿನ ಎರಡೂ ತುದಿ, ಸೈಡ್ ಮಿರರಿನ ಬೆನ್ನು, ವೈಪರ್ ಕೆಳಗಿನ ಜಾಲರಿ, ಟೇಲ್‌ಗೇಟ್ ಮೇಲಿನ ಪಟ್ಟಿ, ಲೋಡ್ ಬಾಡಿಯ ಅಂಚಿನ ಮುಚ್ಚಳ, ಇವನ್ನೆಲ್ಲ ಸೇರಿಸಿ ಟ್ರಿಮ್ ಅನ್ನುತ್ತಾರೆ. ಕಾರಿಗಿಂತ ಪಿಕಪ್‌ನಲ್ಲಿ ಇಂಥ ಭಾಗ ಜಾಸ್ತಿ, ಅವಕ್ಕೆ ಬೀಳುವ ಪೆಟ್ಟೂ ಜಾಸ್ತಿ.

ನನ್ನ ಗಾಡಿಯಲ್ಲಿ ಇವೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಯಾವ ಡಬ್ಬಿ ನೋಡಿದರೂ ತನ್ನನ್ನು ಬಿಟ್ಟರೆ ಇನ್ನೊಂದಿಲ್ಲ ಅಂತ ಬರೆದಿರುತ್ತದೆ, ಯಾವುದನ್ನು ನಂಬೋದು? ಹಾಗಾಗಿ ಒಂದೇ ಫ್ಲೇರಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಭಾಗ ಮಾಡಿಕೊಂಡು, ಅಕ್ಕಪಕ್ಕದಲ್ಲೇ ಬೇರೆ ಬೇರೆ ಸಾಮಾನು ಹಚ್ಚಿದೆ. ಹಚ್ಚಿದ ದಿನ ಎಲ್ಲವೂ ಹೊಸದರಂತೆ ಹೊಳೆಯುತ್ತವೆ, ಅವತ್ತಿನ ಫೋಟೊ ನೋಡಿ ತೀರ್ಮಾನ ಮಾಡಬಾರದು. ಮಳೆ ಬಂದು, ಬಿಸಿಲು ಕಾದು, ಸೋಪು ಹಾಕಿ ತೊಳೆದ ಮೇಲೆ ಏನು ಉಳಿಯಿತು ಅನ್ನುವುದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡೆ.

ಪ್ಲಾಸ್ಟಿಕ್ ಬೂದಿ ಆಗುವುದು ಯಾಕೆ ಅಂತ ಸ್ವಲ್ಪ ಗೊತ್ತಿದ್ದರೆ ಮುಂದಿನದು ಸಲೀಸು. ಈ ಟ್ರಿಮ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್. ಕಪ್ಪು ಬಣ್ಣ ಮೇಲೆ ಬಳಿದದ್ದಲ್ಲ, ಒಳಗೇ ಬೆರೆತಿರುತ್ತದೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಮೇಲ್ಪದರವನ್ನು ಒಡೆಯುತ್ತಾ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ, ಮೇಲೆ ಸೀಮೆಸುಣ್ಣದಂಥ ಪುಡಿ ನಿಲ್ಲುತ್ತದೆ, ಬೆಳಕು ಅಲ್ಲಿ ಚದುರಿ ನಮಗೆ ಬಿಳಿಚಿಕೊಂಡಂತೆ ಕಾಣುತ್ತದೆ. ಅಂದರೆ ಕಪ್ಪು ಎಲ್ಲೂ ಹೋಗಿಲ್ಲ, ಕೆಳಗೇ ಇದೆ. ಒಂದು ಒದ್ದೆ ಬಟ್ಟೆ ಒರೆಸಿ ನೋಡಿ. ನೀರು ಬಿದ್ದ ಕೂಡಲೇ ಕಪ್ಪಾದರೆ ಕೇಸು ಸುಲಭದ್ದು. ಒದ್ದೆಯಾದರೂ ಮಂಕಾಗಿಯೇ ಇದ್ದು, ಬೆರಳಿಗೆ ಪುಡಿ ಹತ್ತಿದರೆ ಬರೀ ಒರೆಸುವ ಸಾಮಾನಿನಿಂದ ಅದು ಸರಿಹೋಗುವುದು ಕಷ್ಟ.

ಇನ್ನೊಂದು ವಿಷಯ. ಕೆಲವು ಬಿಳಿ ಕಲೆ ಬಿಸಿಲಿನದ್ದೇ ಅಲ್ಲ. ಹಿಂದೆ ಯಾರೋ ಗಾಡಿಯ ಪೇಂಟಿಗೆ ವ್ಯಾಕ್ಸ್ ಹಾಕುವಾಗ ಪ್ಲಾಸ್ಟಿಕ್ಕಿನ ಒರಟು ಮೈಯೊಳಗೆ ಅದು ಸೇರಿಕೊಂಡು ಒಣಗಿರುತ್ತದೆ. ಅದಕ್ಕೆ ಕ್ಲೀನರ್ ಮತ್ತು ಬ್ರಷ್ ಸಾಕು, ಸಣ್ಣ ಕಲೆಗೆ ಪೆನ್ಸಿಲ್ ರಬ್ಬರ್ ಉಜ್ಜಿದರೂ ಹೋಗುತ್ತದೆ. ಇದಕ್ಕೆ ಕೋಟಿಂಗ್ ಕೊಳ್ಳುವವರನ್ನು ನೋಡಿದರೆ ಪಾಪ ಅನಿಸುತ್ತದೆ.

ತೊಳೆಯುವುದು ಬೇಸರದ ಕೆಲಸ, ಆದರೆ ಅರ್ಧ ಫಲಿತಾಂಶ ಅಲ್ಲೇ ಇದೆ. ಆಲ್ ಪರ್ಪಸ್ ಕ್ಲೀನರ್ ನೀರಿಗೆ ಬೆರೆಸಿ, ನೈಲಾನ್ ಬ್ರಷ್ಷಿನಿಂದ ಉಜ್ಜಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಕೊಳೆ ಬರುವುದು ನಿಲ್ಲುವ ತನಕ ಬಿಡಬಾರದು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಸಲ ಒರೆಸಬೇಕು. ಹಳೇ ಎಣ್ಣೆ ಅಂಶ ಉಳಿದಿದ್ದರೆ ಮೇಲೆ ಏನೇ ಹಾಕಿದರೂ ಅದು ಪ್ಲಾಸ್ಟಿಕ್ ಹಿಡಿಯುವುದಿಲ್ಲ, ಎಣ್ಣೆಯನ್ನು ಹಿಡಿಯುತ್ತದೆ. ಫ್ಲೇರ್ ಮತ್ತು ಬಾಡಿ ನಡುವಿನ ಸಂದಿಯಲ್ಲಿ ನೀರು ಅವಿತುಕೊಂಡು ನಿಧಾನಕ್ಕೆ ಇಳಿಯುತ್ತದೆ, ಅದನ್ನು ಗಾಳಿ ಹೊಡೆದು ಓಡಿಸಿ. ಪೇಂಟಿನ ಅಂಚಿಗೆ ಟೇಪ್ ಹಚ್ಚುವುದಂತೂ ಬಿಡಲೇಬೇಡಿ.

ಈಗ ಸ್ಪರ್ಧಿಗಳ ಕಡೆ ಬರೋಣ.

ಮೊದಲು ಡ್ರೆಸ್ಸಿಂಗ್, ಅಂದರೆ ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಸಿಲಿಕೋನ್ ಎಣ್ಣೆ ಬಾಟಲಿ. ಇದರಲ್ಲಿ ಎರಡು ಥರ. ಹಾಲಿನ ಹಾಗೆ ಬೆಳ್ಳಗಿರುವುದು ನೀರಿನ ಆಧಾರದ್ದು, ಅಂಟಂಟಾಗಿ ಪಾರದರ್ಶಕವಾಗಿರುವುದು ಸಾಲ್ವೆಂಟ್ ಆಧಾರದ್ದು. ಎರಡನೆಯದು ಜಾಸ್ತಿ ಹೊಳೆಯುತ್ತದೆ. ಜೊತೆಗೆ ಧೂಳನ್ನೂ ಕರೆದು ಕೂರಿಸಿಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಮಿರರಿಗೆ ಹಚ್ಚಿದ್ದು ಮೊದಲ ಮಳೆಗೇ ಬಾಗಿಲ ಮೇಲೆ ಗೆರೆಗೆರೆಯಾಗಿ ಇಳಿದಿತ್ತು. ನೀರಿನದ್ದು ಹೆಚ್ಚು ಸಹಜವಾಗಿ ಕಾಣುತ್ತದೆ, ಕೈಗೆ ಅಂಟುವುದಿಲ್ಲ, ಆದರೆ ಬೇಗ ಮಾಯ. ಎರಡೂ ಬಿರುಕನ್ನು ಎಣ್ಣೆಯಿಂದ ತುಂಬುತ್ತವೆ ಅಷ್ಟೇ, ಒಂದು ಥರ ಮುಖಕ್ಕೆ ಪೌಡರ್ ಹಾಕಿದ ಹಾಗೆ. ಗಾಡಿ ಮಾರುವ ಮುಂಚೆ ಡೀಲರುಗಳು ಇದನ್ನೇ ಹಚ್ಚುವುದು ಸುಮ್ನೆ ಅಲ್ಲ. ಹತ್ತಿ ಇಳಿಯುವ ಫುಟ್‌ಸ್ಟೆಪ್ಪಿಗೂ, ಕೈ ಊರಿ ಮೇಲೆ ಹತ್ತುವ ಅಂಚಿಗೂ ಮಾತ್ರ ಇದನ್ನು ಖಂಡಿತ ಹಚ್ಚಬೇಡಿ, ಜಾರುತ್ತದೆ. ಮುಂದೆ ಪೇಂಟ್ ಮಾಡುವ ಯೋಚನೆ ಇದ್ದರೂ ಸಿಲಿಕೋನ್ ಹತ್ತಿರ ಸೇರಿಸಬೇಡಿ. ಪೇಂಟ್ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ.

ಮನೆಮದ್ದುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೀನಟ್ ಬಟರ್ ಉಜ್ಜುವ ಉಪಾಯ ಎಲ್ಲ ಕಡೆ ಓಡಾಡುತ್ತಿದೆ. ಅದರಲ್ಲಿ ಕೆಲಸ ಮಾಡುವುದು ಎಣ್ಣೆ ಮಾತ್ರ, ಉಳಿದದ್ದು ಸಂದಿಯಲ್ಲಿ ಕೂತು ಇರುವೆಗೆ ಊಟ. ಬಾಯ್ಲ್ಡ್ ಅಗಸೆ ಎಣ್ಣೆ ಅದಕ್ಕಿಂತ ಗಂಭೀರವಾದ ಸ್ಪರ್ಧಿ. ಅದು ಗಾಳಿಯ ಆಕ್ಸಿಜನ್ ಜೊತೆ ಸೇರಿ ಗಟ್ಟಿಯಾಗುವ ಎಣ್ಣೆ, ಹಾಗಾಗಿ ಡ್ರೆಸ್ಸಿಂಗಿಗಿಂತ ನಿಜವಾಗಿ ಹೆಚ್ಚು ಕಾಲ ನಿಂತಿತು. ಆದರೆ ಒಣಗುವ ತನಕ ಅಂಟಾಗಿದ್ದು ಧೂಳು ಹಿಡಿಯಿತು, ಹೊಳಪೂ ಎಲ್ಲ ಕಡೆ ಒಂದೇ ಸಮ ಬರಲಿಲ್ಲ. ಎಲ್ಲಕ್ಕಿಂತ ಮುಖ್ಯ, ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು. ಒಂದು ಟ್ರಿಮ್ಮಿಗೋಸ್ಕರ ಇಷ್ಟು ತಲೆನೋವು ನನಗಂತೂ ಬೇಡ.

ಹೀಟ್ ಗನ್ ನೋಡೋಕೆ ಮಾತ್ರ ಭಾರಿ ಮಜಾ. ಬಿಸಿ ಗಾಳಿ ಹೋದಲ್ಲೆಲ್ಲ ಬೂದಿ ಕಣ್ಣೆದುರೇ ಕಪ್ಪಾಗುತ್ತದೆ, ವಿಡಿಯೊಗೆ ಹೇಳಿ ಮಾಡಿಸಿದ್ದು. ಆಗುವುದು ಇಷ್ಟೇ, ಮೇಲ್ಪದರ ಸ್ವಲ್ಪ ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ. ತೊಂದರೆ ಏನಪ್ಪಾ ಅಂದರೆ ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಸಾಮಾನ್ಯ ಹೀಟ್ ಗನ್ 500 ಡಿಗ್ರಿ ತನಕ ಊದುತ್ತದೆ. ಒಂದು ಕ್ಷಣ ಕೈ ನಿಂತರೆ ಒರಟು ಮೈ ಕರಗಿ ನುಣುಪಾಗುತ್ತದೆ, ಆ ಜಾಗ ಮಾತ್ರ ಬೇರೆ ಥರ ಹೊಳೆಯುತ್ತದೆ, ತೆಳು ಅಂಚು ಸೊಟ್ಟಗಾಗುತ್ತದೆ. ಪಕ್ಕದಲ್ಲಿ ಪೇಂಟ್ ಇದ್ದರೆ ಗುಳ್ಳೆ ಏಳಬಹುದು, ಗಾಜಿದ್ದರೆ ಸೀಳಬಹುದು. ಇಷ್ಟೆಲ್ಲ ಎಚ್ಚರ ವಹಿಸಿದರೂ ಬಿಸಿಲು ತಡೆಯುವ ಯಾವ ಅಂಶವನ್ನೂ ನಾವು ಹೊಸದಾಗಿ ಸೇರಿಸಿರುವುದಿಲ್ಲ, ಹಾಗಾಗಿ ನನ್ನ ಫ್ಲೇರಿನ ಆ ಭಾಗ ಮತ್ತೆ ಬೂದಿಯತ್ತ ಹೊರಟಿತು. ಮತ್ತೆ ಮತ್ತೆ ಸುಟ್ಟರೆ ಪ್ಲಾಸ್ಟಿಕ್ ಇನ್ನಷ್ಟು ಬೇಗ ಸಾಯುತ್ತದೆ. ನನ್ನ ಪಟ್ಟಿಯಲ್ಲಿ ಇದಕ್ಕೆ ಕೊನೆಯ ಜಾಗ.

ನನಗೆ ಆಶ್ಚರ್ಯ ತಂದದ್ದು ಡೈ ಇರುವ ರಿಸ್ಟೋರರ್. ಸೊಲ್ಯೂಷನ್ ಫಿನಿಶ್ ಅಂತ ಒಂದು ಹೆಸರು ಕೇಳಿರಬಹುದು, ಆ ವರ್ಗದ್ದು. ಸಣ್ಣ ಬಾಟಲಿ ನೋಡಿ ಇಷ್ಟೇನಾ ಅನಿಸುತ್ತದೆ, ಆದರೆ ಸ್ಪಂಜಿನ ಮೇಲೆ ಕೆಲವೇ ಹನಿ ಹಾಕಿದರೆ ಬಹಳ ದೂರ ಬರುತ್ತದೆ. ಉಜ್ಜಿ, ಸ್ವಲ್ಪ ಬಿಟ್ಟು, ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ತೆಗೆಯಬೇಕು. ತೆಗೆಯದೆ ಬಿಟ್ಟರೆ ತೇಪೆ ಹಾಕಿದಂತೆ ಕಾಣುತ್ತದೆ. ಇದು ಬರೀ ಬಿರುಕು ತುಂಬುವುದಲ್ಲ, ಬಣ್ಣವನ್ನೂ ಕೊಡುತ್ತದೆ. ಆದ್ದರಿಂದಲೇ ಒದ್ದೆ ಮಾಡಿದರೂ ಕಪ್ಪಾಗದಿದ್ದ ಟೇಲ್‌ಗೇಟ್ ಪಟ್ಟಿ ಇದರಲ್ಲಿ ಮಾತ್ರ ಒಂದೇ ಸಮನಾದ ಕಪ್ಪಿಗೆ ಬಂತು. ಮಿರಿಮಿರಿ ಮಿಂಚು ಇಲ್ಲ, ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹೆಚ್ಚು ಕಡಿಮೆ ಹಾಗೆ. ಕೈಗವಸು ಬೇಕೇ ಬೇಕು, ಉಗುರಿನ ಸಂದಿಗೆ ಸೇರಿದರೆ ಊಟಕ್ಕೆ ಕೂತಾಗಲೂ ಕಾಣುತ್ತಿರುತ್ತದೆ. ಬಿಳಿ ಗಾಡಿಯವರು ಟೇಪನ್ನು ಇನ್ನೂ ಅಗಲವಾಗಿ ಹಚ್ಚಿ.

ಇದಕ್ಕೆ ಎರಡು ತಕರಾರು. ಸರಕು ಉಜ್ಜುವ ಅಂಚಿನಲ್ಲಿ ಅದು ಸವೆದು ಹೋಯಿತು. ಅಲ್ಲಿ ಏನು ಹಾಕಿದರೂ ಸವೆಯುತ್ತದೆ ಬಿಡಿ. ಎರಡನೆಯದು, ನಿಮ್ಮ ಗಾಡಿಯ ಟ್ರಿಮ್ ಮೂಲದಲ್ಲೇ ಕಡು ಬೂದಿ ಬಣ್ಣದ್ದಾಗಿದ್ದರೆ ಇದು ಅದನ್ನು ಕಪ್ಪು ಮಾಡಿಬಿಡುತ್ತದೆ. ಹಚ್ಚಿದ ಭಾಗಕ್ಕೂ ಹಚ್ಚದ ಭಾಗಕ್ಕೂ ಮ್ಯಾಚ್ ಆಗುವುದಿಲ್ಲ. ಬಿಸಿಲು ಕಾಣದ ಒಳಮಡಿಕೆಯಲ್ಲಿ ಒಮ್ಮೆ ಇಣುಕಿ ಮೂಲ ಬಣ್ಣ ನೋಡಿಕೊಂಡು ಶುರು ಮಾಡಿ.

ಸೆರಾಮಿಕ್ ಟ್ರಿಮ್ ಕೋಟಿಂಗ್ ಬೇರೆಯೇ ಜಾತಿ. ಬಾಟಲಿಯಲ್ಲೂ ಬರುತ್ತದೆ, ನೆನೆಸಿಟ್ಟ ಒರೆಸುವ ಬಟ್ಟೆಯ ರೂಪದಲ್ಲೂ ಬರುತ್ತದೆ. ಹಚ್ಚಿದ ಮೇಲೆ ಗಟ್ಟಿಯಾಗಿ ಒಂದು ಪಾರದರ್ಶಕ ಪದರ ಆಗುತ್ತದೆ, ನೀರು ಮಣಿಮಣಿಯಾಗಿ ಉರುಳುತ್ತದೆ, ಮಣ್ಣು ಕೂಡ ಬೇಗ ಬಿಡುತ್ತದೆ. ಸ್ವಲ್ಪವೇ ಮಾಸಿದ್ದ ಮಿರರ್ ಮತ್ತು ವೈಪರ್ ಜಾಲರಿ ಮೇಲೆ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಎಷ್ಟು ಸಲ ತೊಳೆದರೂ ಅಲ್ಲಾಡಲಿಲ್ಲ. ಆದರೆ ಪಾರದರ್ಶಕ ಅನ್ನುವ ಮಾತನ್ನು ನೆನಪಿಡಿ, ಬಣ್ಣ ಕೊಡುವ ಕೆಲಸ ಇದರದ್ದಲ್ಲ. ಪೂರ್ತಿ ಸುಟ್ಟು ಹೋದ ಫ್ಲೇರಿನ ಮೇಲೆ ಕಪ್ಪು ಒಂದು ಕಡೆ, ಬೂದಿ ಒಂದು ಕಡೆ ಆಗಿ ನಕ್ಷೆ ಬಿಡಿಸಿದಂತೆ ನಿಂತಿತು, ಮತ್ತು ಅದು ಗಟ್ಟಿಯಾದ ಮೇಲೆ ತೆಗೆಯುವುದು ಸುಲಭ ಅಲ್ಲ. ಹಚ್ಚುವಾಗ ನೆರಳಿರಬೇಕು, ಸ್ವಲ್ಪ ಸ್ವಲ್ಪ ಜಾಗ ತೆಗೆದುಕೊಳ್ಳಬೇಕು, ಹೆಚ್ಚಾದದ್ದನ್ನು ಒಣಗುವ ಮುಂಚೆ ಸಮ ಮಾಡಬೇಕು. ಆಮೇಲೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ದಿನ, ನೀರು ಸೋಕಬಾರದು. ಮೋಡ ನೋಡಿ ಕೆಲಸಕ್ಕೆ ಇಳಿಯಿರಿ.

ಡೈ ಹಾಕಿ ಚೆನ್ನಾಗಿ ಒಣಗಿದ ಮೇಲೆ ಅದರ ಮೇಲೆ ಕೋಟಿಂಗ್ ಹಾಕಿದರೆ? ಹಾಕಿ ನೋಡಿದೆ. ಬಂಪರಿನ ಒಂದು ತುದಿಯಲ್ಲಿ ಚೆನ್ನಾಗಿ ಕೂತಿತು, ಇನ್ನೊಂದು ತುದಿಯಲ್ಲಿ ಕೋಟಿಂಗ್ ಒರೆಸುವಾಗ ಡೈ ಸ್ವಲ್ಪ ಕಿತ್ತು ಬಟ್ಟೆಗೆ ಬಂತು. ಎರಡೂ ಒಂದೇ ಕಂಪನಿಯದ್ದಾಗಿ, ಒಂದರ ಮೇಲೆ ಒಂದು ಹಾಕಬಹುದು ಅಂತ ಬರೆದಿದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ.

ಉಳಿದದ್ದು ಪೇಂಟ್. ಫ್ಲೇರಿನ ತುಟಿಯಲ್ಲಿ ಪ್ಲಾಸ್ಟಿಕ್ ಕೆರೆದು ಕೆರೆದು ನಾರು ಎದ್ದಂತಾಗಿತ್ತು, ಅಲ್ಲಿ ಬೇರೆ ದಾರಿ ಇರಲಿಲ್ಲ. ಪಾಲಿಪ್ರೊಪಿಲೀನಿಗೆ ಪೇಂಟ್ ಅಂದರೆ ಆಗುವುದೇ ಇಲ್ಲ, ಸುಮ್ಮನೆ ಹೊಡೆದರೆ ಹಾಳೆ ಹಾಳೆಯಾಗಿ ಏಳುತ್ತದೆ. ಸ್ಕ್ರಬ್ ಪ್ಯಾಡ್ ಅಥವಾ ನಯವಾದ ಎಮರಿ ಪೇಪರಿನಿಂದ ಉಜ್ಜಿ, ಪೇಂಟ್ ಪ್ಲಾಸ್ಟಿಕ್ಕಿಗೆ ಹಿಡಿಯುವಂತೆ ಮಾಡುವ ಅಡ್ಹೀಶನ್ ಪ್ರೊಮೋಟರ್ ತೆಳ್ಳಗೆ ಹೊಡೆದು, ಆಮೇಲೆ ಬಂಪರ್ ಮತ್ತು ಟ್ರಿಮ್ಮಿಗೆ ಅಂತಲೇ ಬರುವ ಸ್ಯಾಟಿನ್ ಕಪ್ಪು ಪೇಂಟನ್ನು ತೆಳು ಕೋಟುಗಳಲ್ಲಿ ಹಾಕಬೇಕು. ಒಂದೇ ಸಲ ದಪ್ಪ ಹೊಡೆದರೆ ಮೈಯ ಒರಟುತನ ಮುಚ್ಚಿಹೋಗಿ ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತದೆ. ಸಾಧ್ಯವಾದರೆ ಭಾಗವನ್ನು ಬಿಚ್ಚಿಯೇ ಪೇಂಟ್ ಮಾಡಿ. ಹಳೇ ಕ್ಲಿಪ್ಪುಗಳು ಬಿಚ್ಚುವಾಗ ಮುರಿಯುತ್ತವೆ, ಅದಕ್ಕೆ ಮೊದಲೇ ಒಂದಷ್ಟು ತಂದಿಟ್ಟುಕೊಳ್ಳಿ.

ದೂರದಿಂದ ನೋಡಿದರೆ ಪೇಂಟೇ ಎಲ್ಲಕ್ಕಿಂತ ಅಚ್ಚುಕಟ್ಟು. ಹತ್ತಿರ ಹೋದರೆ ಚಕ್ರ ಎಸೆಯುವ ಕಲ್ಲಿಗೆ ಸಣ್ಣ ಸಣ್ಣ ಚಿಪ್ ಎದ್ದಿರುತ್ತವೆ, ಒಳಗಿನ ಬೂದಿ ಇಣುಕುತ್ತದೆ. ಮತ್ತೆ ಒಂದು ಕೋಟ್ ಕೊಡಬೇಕು. ಅಷ್ಟೇ ಅಲ್ಲ, ಒಮ್ಮೆ ಪೇಂಟ್ ಮಾಡಿದ ಮೇಲೆ ಡೈಗೂ ಕೋಟಿಂಗಿಗೂ ವಾಪಸ್ ಬರುವ ದಾರಿ ಮುಚ್ಚಿತು. ಹಾಗಾಗಿ ಬೇರೆ ಎಲ್ಲ ಸೋತ ಭಾಗಕ್ಕೆ ಮಾತ್ರ ಪೇಂಟ್ ಅಂತ ಇಟ್ಟುಕೊಂಡಿದ್ದೇನೆ. ಬೇಡ ಅಂದಾಗ ಸುಲಿದು ತೆಗೆಯುವ ರಬ್ಬರ್ ಸ್ಪ್ರೇ ಕೂಡ ಇದೆ. ಮನಸ್ಸು ಬದಲಾಯಿಸುವವರಿಗೆ ಒಳ್ಳೆಯದು, ಆದರೆ ಪೆಟ್ರೋಲ್ ಬಿದ್ದರೆ ಕರಗುತ್ತದೆ. ಇಂಧನ ತುಂಬುವ ಮುಚ್ಚಳದ ಹತ್ತಿರ ಬೇಡ.

ಹೊಸ ಭಾಗವನ್ನೇ ಹಾಕಿಸೋದಲ್ವಾ ಅಂತ ಕೇಳಬಹುದು. ಸಿಕ್ಕರೆ ಹಾಕಿಸಿ. ಹಳೇ ಮಾಡೆಲ್ಲಿಗೆ ಗುಜರಿಯಲ್ಲಿ ಸಿಗುವುದು ನಿಮ್ಮದಕ್ಕಿಂತ ಜಾಸ್ತಿ ಬಿಸಿಲು ಕುಡಿದಿರುತ್ತದೆ, ಬೇರೆಯವರು ತಯಾರಿಸಿದ್ದು ತಂದರೆ ಅದರ ಒರಟು ಮೈ ಪಕ್ಕದ ಭಾಗಕ್ಕೆ ಹೊಂದುವುದಿಲ್ಲ.

ಈಗ ಗಾಡಿಯಲ್ಲಿರುವ ವ್ಯವಸ್ಥೆ ಹೀಗಿದೆ. ಮಿರರ್, ಜಾಲರಿಗೆ ಕೋಟಿಂಗ್. ಟೇಲ್‌ಗೇಟ್ ಪಟ್ಟಿ, ಬಂಪರ್ ತುದಿ, ಫ್ಲೇರಿನ ಮೇಲ್ಭಾಗಕ್ಕೆ ಡೈ. ಫ್ಲೇರಿನ ತುಟಿಗೆ ಪೇಂಟ್. ನೀರಿನ ಡ್ರೆಸ್ಸಿಂಗ್ ಬಾಟಲಿ ಉಳಿದಿತ್ತು, ಅದನ್ನು ಬಾಗಿಲ ರಬ್ಬರ್ ಬೀಡಿಂಗಿಗೆ ಬಳಸುತ್ತಿದ್ದೇನೆ, ಅಲ್ಲಿ ಅದು ಸರಿಯಾದ ಕೆಲಸವನ್ನೇ ಮಾಡುತ್ತದೆ. ಗಾಡಿಯ ಪೇಂಟಿಗೆ ವ್ಯಾಕ್ಸ್ ಹಾಕುವ ದಿನ ಮಾತ್ರ ಈ ಕಪ್ಪು ಭಾಗಕ್ಕೆಲ್ಲ ಮತ್ತೆ ಟೇಪ್ ಅಂಟಿಸುತ್ತೇನೆ.

ಕ್ರೋಮ್ ಬಂಪರ್ ಇರುವವರಿಗೆ ಒಂದು ಮಾತು. ಮೇಲೆ ಎದ್ದ ಸಣ್ಣ ತುಕ್ಕಿಗೆ ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ. ಅಲ್ಯುಮಿನಿಯಂ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಸ್ಟೀಲ್ ವುಲ್‌ಗಿಂತ ಗೀರಿನ ಭಯ ಕಡಿಮೆ. ಕ್ರೋಮೇ ಸಿಪ್ಪೆಯಾಗಿ ಎದ್ದಿದ್ದರೆ ಫಾಯಿಲ್ ತಿಕ್ಕಿ ಕೈ ನೋಯಿಸಿಕೊಳ್ಳಬೇಡಿ, ಅದಕ್ಕೆ ಪ್ಲೇಟಿಂಗ್ ಮಾಡುವವರ ಹತ್ತಿರವೇ ಹೋಗಬೇಕು.